ಲಾಡಿ ಕಟ್ಟಿದ ಬಾತು

ಮಗಳ ಮನೆಯಲ್ಲಿ ನಾನು ಮಲಗುವ ಕೋಣೆಯ ಕಿಟಕಿಯಲ್ಲಿ ಒಂದು ಪ್ಲಾಸ್ಟಿಕ್ ಬಾತುಕೋಳಿ ಕೂತಿದೆ. ಹಸಿರು ತಲೆ, ಹಳದಿ ಕೊಕ್ಕು, ಕತ್ತಿನ ಸುತ್ತ ಬಿಳಿ ಗೆರೆ. ಬೆನ್ನಿನ ಬಣ್ಣ ಅಲ್ಲಲ್ಲಿ ಕಿತ್ತುಬಂದಿದೆ. ಅದರ ಎದೆಯ ಹತ್ತಿರ ಒಂದು ತೂತಿದೆ, ಆ ತೂತಿಗೆ ನನ್ನ ಪೈಜಾಮದ ಲಾಡಿ ಕಟ್ಟಿದೆ. ಮಗಳು ಸುಧಾ ಅದನ್ನು ಎರಡು ಸಲ ಗ್ಯಾರೇಜಿಗೆ ಸಾಗಿಸಿದಳು. ಎರಡು ಸಲವೂ ನಾನು ಹೋಗಿ ವಾಪಸು ತಂದು ಕೂರಿಸಿದೆ. ನನ್ನ ಹೆಂಡತಿ ಗೌರಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ಕೇಳಿದಳು, "ಬೆಳಗೆದ್ದು ದೇವ್ರ ಪಟಕ್ಕಿಂತ ಮೊದ್ಲು ಅದರ ಮೂತಿನೇ ನೋಡ್ತೀರಲ್ಲ, ನಾಳಿಂದ ಅದಕ್ಕೂ ಎರಡು ಹೂ ಮಡಗ್ಲಾ?"

"ಮಡಗು" ಎಂದೆ.

ತಮಾಷೆಗೆ ಹೇಳಿದ್ದಲ್ಲ. ಎಪ್ಪತ್ತನಾಲ್ಕು ವರ್ಷದವನಿಗೆ ಇಷ್ಟು ಖುಷಿ ಆಗಬಾರದು ಎಂದು ಯಾರಾದರೂ ಕಾನೂನು ಮಾಡಿದ್ದರೆ ನಾನು ಈಗ ಜೈಲಿನಲ್ಲಿ ಇರಬೇಕಿತ್ತು. ಓದಿದ್ದು ಮೂರನೇ ಕ್ಲಾಸು. ಈ ಕಾಗದದ ಮೇಲೆ ನನ್ನ ಅಕ್ಷರ ಏರಿಳಿಯುವುದನ್ನು ನೀವು ನೋಡಿದರೆ ನಗುತ್ತೀರಿ. ಆದರೂ ಹೇಳದೆ ಇರಲಾರೆ, ಕೇಳಿ.

ನಾವು ಮಳವಳ್ಳಿ ಸೀಮೆಯವರು. ನಮ್ಮೂರ ಕೆರೆಗೆ ನಾನು ನೀರುಗಂಟಿ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೋಡಿ ನೀರು ಬಿಡುವುದು, ಏರಿಯಲ್ಲಿ ಏಡಿ ಬಿಲ ಮಾಡಿದೆಯೇ ಎಂದು ಹುಡುಕುವುದು, ಇಷ್ಟೇ ನನ್ನ ವಿದ್ಯೆ. ಅಪ್ಪನೂ ಅದನ್ನೇ ಮಾಡಿದವನು. ಆದರೆ ಅಪ್ಪನಿಗೆ ಇನ್ನೊಂದು ವಿದ್ಯೆ ಗೊತ್ತಿತ್ತು.

ಮಾರ್ಗಶಿರ ಬಂತೆಂದರೆ ಬಡಗಲ ಕಡೆಯಿಂದ ಕಾಡುಬಾತುಗಳು ಬಂದು ನಮ್ಮ ಕೆರೆಗೆ ಇಳಿಯುತ್ತಿದ್ದವು. ಅಪ್ಪ ಹಳೆಯ ಮಡಕೆಗಳನ್ನು ಹುಡುಕಿ ತಂದು ನೀರಿನ ಮೇಲೆ ಬೋರಲು ತೇಲಿಬಿಡುತ್ತಿದ್ದ. ಮೊದಲ ದಿನ ಬಾತುಗಳು ದೂರ ಸರಿಯುತ್ತಿದ್ದವು. ನಾಲ್ಕನೆಯ ದಿನಕ್ಕೆ ಮಡಕೆಗೆ ಮೈ ಒರಸಿಕೊಂಡೇ ಮೇಯುತ್ತಿದ್ದವು. ಆಗ ಅಪ್ಪ ಕಣ್ಣಿಗೆ ಎರಡು ತೂತು ಕೊರೆದ ಮಡಕೆಯೊಂದನ್ನು ತಲೆಗೆ ಹಾಕಿಕೊಂಡು, ಕತ್ತಿನವರೆಗೆ ನೀರಿಗಿಳಿದು, ತಾನೂ ಒಂದು ಮಡಕೆಯಂತೆ ನಿಧಾನವಾಗಿ ತೇಲಿ ಹೋಗಿ, ನೀರೊಳಗಿಂದಲೇ ಬಾತಿನ ಕಾಲು ಹಿಡಿದು ಎಳೆದುಕೊಳ್ಳುತ್ತಿದ್ದ. ಪಕ್ಕದ ಬಾತಿಗೂ ಗೊತ್ತಾಗುತ್ತಿರಲಿಲ್ಲ. ಈಗ ಊರಲ್ಲಿ ಹಾಗೆ ಮಾಡಿದರೆ ಹಿಡಿದುಕೊಂಡು ಹೋಗುತ್ತಾರೆ, ಹೋಗಬೇಕಾದ್ದೇ. ಕೆರೆಗೆ ಬರುವ ಬಾತೂ ಈಗ ಬೆರಳೆಣಿಕೆ.

ನನಗೆ ಹನ್ನೊಂದು ವರ್ಷವಾದಾಗ ಅಪ್ಪ ನನ್ನ ಅಳತೆಗೆ ಒಂದು ಸಣ್ಣ ಮಡಕೆ ಕೊರೆದುಕೊಟ್ಟ. ನನ್ನ ಸಂಭ್ರಮ ನೋಡಬೇಕಿತ್ತು. ತೂತುಗಳು ನನ್ನ ಕಣ್ಣಿಗೆ ಸರಿಯಾಗಿ ಕೂರದೆ ಒಂದು ಹಣೆಗೂ ಒಂದು ಕೆನ್ನೆಗೂ ಬಂದಿದ್ದವು. ಹೇಳಿದರೆ ಎಲ್ಲಿ ಬಿಟ್ಟುಹೋಗುತ್ತಾನೋ ಎಂದು ಸುಮ್ಮನಿದ್ದೆ. ಕುರುಡನಂತೆ ನೀರಲ್ಲಿ ಹೋಗುತ್ತ ಹೋಗುತ್ತ ಕೈಗೆ ಒಂದು ಕಾಲು ಸಿಕ್ಕಿತು. ಬಾತಿನ ಕಾಲು ಇಷ್ಟು ದಪ್ಪ ಇರುತ್ತದೆಯೇ ಎಂದು ಒಂದು ಗಳಿಗೆ ಅನ್ನಿಸಿತು ನಿಜ. ಆದರೆ ಆಸೆ ನೋಡಿ, ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ.

ಪಕ್ಕದ ಮಡಕೆಯೊಳಗಿಂದ ಗುಂಯ್ ಎಂದು ದನಿ ಬಂತು: "ಲೋ ಬಡ್ಡೈದ್ನೆ, ಅದು ನನ್ ಕಾಲು ಕಣೋ!"

ಕೆರೆಯ ಬಾತೆಲ್ಲ ಒಂದೇ ಸಲಕ್ಕೆ ಎದ್ದು ಹೋಯಿತು. ಅಪ್ಪ ನೀರು ಕುಡಿದು, ಮಡಕೆ ಒಡೆದು, ಕೆಮ್ಮುತ್ತ ದಡಕ್ಕೆ ಬಂದ. ಹೊಡೆಯಲಿಲ್ಲ. ಹೊಡೆದಿದ್ದರೆ ವಾಸಿಯಿತ್ತು. ಮಾತೇ ಆಡಲಿಲ್ಲ.

ಇರಲಿ, ಕಿಟಕಿಯ ಬಾತು ಕೊಟ್ಟ ಮೊಮ್ಮಗಳ ವಿಷಯಕ್ಕೆ ಬರುತ್ತೇನೆ.

ಸುಧಾ ಮನೆ ಇರುವುದು ನ್ಯೂಯಾರ್ಕಿನ ಹತ್ತಿರದ ಮನ್ರೋ ಎಂಬ ಊರಿನಲ್ಲಿ. ಅವಳು ಕ್ರ್ಯಾನ್‌ಬರಿಯ ಒಂದು ಔಷಧಿ ಕಂಪನಿಯ ಆಫೀಸಿಗೆ ಹೋಗುತ್ತಾಳೆ. ಅವಳ ಮಗಳು ಸಿಂಚನ ಕಾಲೇಜು ಮುಗಿಸಿ ಮೆಟುಚೆನ್‌ನಿಂದ ರೈಲು ಹಿಡಿದು ನ್ಯೂಯಾರ್ಕಿಗೆ ಕೆಲಸಕ್ಕೆ ಹೋಗಿಬರುವವಳು. ನಾವು ಐದು ತಿಂಗಳಿಗೆಂದು ಬಂದವರು. ಬಂದ ಮೊದಲ ತಿಂಗಳು ಮೊಮ್ಮಗಳಿಗೂ ನನಗೂ ನಡೆದ ಮಾತು ಇಷ್ಟು: "ಹಾಯ್ ತಾತ", "ಊಟ ಆಯ್ತಾ ಮಗಾ", "ಯಾ, ಐ ಏಟ್", "ಬೈ ತಾತ". ನಾನು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು. ಇಬ್ಬರಿಗೂ ಅರ್ಥವಾಗುತ್ತಿತ್ತು, ಆದರೆ ಹೇಳಲು ಇಬ್ಬರ ಹತ್ತಿರವೂ ಏನೂ ಇರಲಿಲ್ಲ.

ಒಂದು ದಿನ ಗ್ಯಾರೇಜಿನಲ್ಲಿ ಅವಳು ನೆಲಕ್ಕೆ ಕೂತು ಹನ್ನೆರಡು ಪ್ಲಾಸ್ಟಿಕ್ ಬಾತುಗಳ ದಾರದ ಗೋಜಲು ಬಿಡಿಸುತ್ತಿದ್ದಳು. ಏನಿದು ಎಂದು ಕೇಳಿದೆ. ಕಾಲೇಜಿನ ಗೆಳತಿಯ ಮನೆಯವರು ಅವಳಿಗೆ ಬಾತಿನ ಬೇಟೆ ಕಲಿಸಿದ್ದರಂತೆ. ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡಿದ್ದಾಳೆ. ಬಂದೂಕು ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿಕೊಂಡಿದೆ. ಸುಧಾಗೆ ಅದು ಸುತರಾಂ ಇಷ್ಟವಿಲ್ಲ. ಈ ಪ್ಲಾಸ್ಟಿಕ್ ಬಾತನ್ನು ನೀರಲ್ಲಿ ಬಿಟ್ಟರೆ ನಿಜವಾದವು ನೆಂಟರಿದ್ದಾರೆ ಎಂದು ಇಳಿಯುತ್ತವಂತೆ.

ನಾನು ನಕ್ಕುಬಿಟ್ಟೆ. ಅಪ್ಪನ ಮಡಕೆಯ ಕಥೆ ಹೇಳಿದೆ. ಕಾಲು ಜಗ್ಗಿದ್ದನ್ನೂ ಹೇಳಿದೆ. ಅವಳು ದಾರ ಕೆಳಗೆ ಹಾಕಿ, "ನೋ ವೇ! ತಾತ, ಯು ಪುಲ್ಡ್ ಯುವರ್ ಡ್ಯಾಡ್?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕಣ್ಣು ಒರಸಿಕೊಂಡು, "ಸ್ಯಾಟರ್ಡೇ ಬರ್ತೀಯಾ?" ಎಂದು ಕನ್ನಡದಲ್ಲೇ ಕೇಳಿದಳು.

ಬರದೆ ಇರುತ್ತೇನೆಯೇ?

ಸುಧಾ ಹಾರಾಡಿದಳು. "ಅಪ್ಪಾ, ನಿಂಗೆ ಎಪ್ಪತ್ನಾಕು! ಹೊರಗಡೆ ಟ್ವೆಂಟಿ ಎಯ್ಟ್ ಡಿಗ್ರೀಸ್, ನೀರು ಐಸಾಗೋ ಚಳಿ! ನ್ಯುಮೋನಿಯಾ ಆದ್ರೆ ಯಾರು ನೋಡ್ಕೋತಾರೆ?"

"ಕೆರೇಲೆ ಹುಟ್ಟಿದೋನು ಕನವ್ವ ನಾನು" ಎಂದೆ.

"ಆ ಕೆರೇಲಿ ಐಸ್ ಇತ್ತಾ?" ಎಂದಳು. ಕೊನೆಗೆ ಮಂಕಿ ಟೋಪಿಯ ಮೇಲೆ ಇನ್ನೊಂದು ಟೋಪಿ ಎಂಬ ಕರಾರಿನ ಮೇಲೆ ಬಿಟ್ಟಳು.

ಮನೆಯಿಂದ ಒಂದು ಗಂಟೆ ದಾರಿ, ಸಮುದ್ರದ ನೀರು ದಿನಕ್ಕೆ ಎರಡು ಸಲ ಬಂದು ಹೋಗುವ ಜವುಗು. ಸರ್ಕಾರದ ನೆಲ. ಲೈಸೆನ್ಸ್ ಇರುವ ಯಾರು ಬೇಕಾದರೂ ಹೋಗಬಹುದು, ಮೊದಲು ಹೋದವರಿಗೆ ಮೊದಲ ಜಾಗ. ಈ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಕೆರೆಯೂ ಯಾರೊಬ್ಬರದ್ದೂ ಅಲ್ಲ. ಭಾನುವಾರ ಮಾತ್ರ ಯಾರೂ ಗುಂಡು ಹಾರಿಸುವಂತಿಲ್ಲ, ಬಾತಿಗೂ ವಾರಕ್ಕೊಂದು ರಜಾ ಕೊಟ್ಟಿದ್ದಾರೆ ಪುಣ್ಯಾತ್ಮರು. ಜನವರಿಯ ಮೊದಲ ದಿನಗಳಲ್ಲಿ ಮನ್ರೋ ಸುತ್ತಿನ ಕೆರೆಕುಂಟೆಗಳೆಲ್ಲ ಗಾಜಿನಂತೆ ಹೆಪ್ಪುಗಟ್ಟಿ, ಬಾತುಗಳು ಹರಿಯುವ ನೀರು ಹುಡುಕಿಕೊಂಡು ಈ ಜವುಗಿನ ಕಾಲುವೆಗಳಿಗೆ ಬರುತ್ತವೆ. ಬರುತ್ತವೆ, ಆದರೆ ನವೆಂಬರಿನಲ್ಲಿ ಬೇಟೆ ಶುರುವಾದಾಗಿನಿಂದ ಗುಂಡಿನ ಸದ್ದು ಕೇಳಿ ಕೇಳಿ ಪೊಲೀಸರಿಗಿಂತ ಹೆಚ್ಚು ಅನುಮಾನ ಕಲಿತಿರುತ್ತವೆ. ಸಿಂಚನಳಿಗೆ ಆ ಹಂಗಾಮಿನಲ್ಲಿ ಇನ್ನೂ ಒಂದೂ ಸಿಕ್ಕಿರಲಿಲ್ಲ.

ಅವಳು ಗೆಳತಿಯ ತಂದೆಯಿಂದ ಎರವಲು ತಂದ, ಎದೆತನಕ ಬರುವ ರಬ್ಬರ್ ಪ್ಯಾಂಟಿನೊಳಗೆ ನನ್ನನ್ನು ಇಳಿಸಿದಳು. ಬೂಟು ಅದಕ್ಕೇ ಅಂಟಿಕೊಂಡಿತ್ತು. ಇಬ್ಬರು ನಾನು ಹಿಡಿಸುವಷ್ಟು ದೊಡ್ಡದು. ಎತ್ತರದ ಜೊಂಡಿನೊಳಗೆ ಎರಡು ಬಕೆಟ್ ಬೋರಲು ಹಾಕಿ ಕೂತೆವು. ಮಧ್ಯಾಹ್ನದ ಬಿಸಿಲು, ಬಿಸಿಯಿಲ್ಲದ ಬಿಸಿಲು. ಒಂದೂವರೆ ಗಂಟೆ ಮಾತಿಲ್ಲದೆ ಕೂತೆವು. ಮಾತು ಬರದವರಿಬ್ಬರಿಗೆ ಮಾತೇ ಆಡಬಾರದ ಜಾಗಕ್ಕಿಂತ ಒಳ್ಳೆಯದು ಯಾವುದಿದೆ ಹೇಳಿ. ಅವಳು ಬೆರಳು ತೋರಿದರೆ ನಾನು ನೋಡುವುದು, ನಾನು ಗಲ್ಲ ಎತ್ತಿದರೆ ಅವಳು ನೋಡುವುದು.

ಆಮೇಲೆ ನನಗೆ ಹಸಿವಾಯಿತು.

ಗೌರಮ್ಮ ಮೊಮ್ಮಗಳು ಕರೆದುಕೊಂಡು ಹೋಗುತ್ತಿದ್ದಾಳೆ ಎಂಬ ಸಡಗರಕ್ಕೆ ಮೂರು ಅಂತಸ್ತಿನ ಸ್ಟೀಲ್ ಕ್ಯಾರಿಯರ್ ಅನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಮುಖ ನೋಡಿಕೊಳ್ಳುವಷ್ಟು ಹೊಳಪು ತಂದು, ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ತುಂಬಿ ಕೊಟ್ಟಿದ್ದಳು. ನಾನು ಮೆಲ್ಲಗೆ, ಕಳ್ಳನ ಹಾಗೆ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಚಿಲಕ ತೆಗೆದೆ. ಅದೇ ಹೊತ್ತಿಗೆ ಎಂಟು ಬಾತು ಎರಡು ಸುತ್ತು ಹಾಕಿ, ಕಾಲು ಕೆಳಗೆ ಬಿಟ್ಟು ಇಳಿಯುತ್ತಿದ್ದವಂತೆ. ನಾನು ರೊಟ್ಟಿ ನೋಡುತ್ತಿದ್ದೆ. ಮುಚ್ಚಳ ಎತ್ತಿದೆ. ಸೂರ್ಯ ಅದಕ್ಕೆ ಬಡಿದು ಆಕಾಶಕ್ಕೆ ಹೊಡೆದ. ಎಂಟೂ ಬಾತು ಯಾರೋ ದಾರ ಹಿಡಿದು ಎಳೆದಂತೆ ಮೇಲಕ್ಕೆ ಹೋದವು. ಗಾಬರಿಗೆ ಮುಚ್ಚಳ ಕೈಜಾರಿ ಬಕೆಟ್ಟಿಗೆ ಬಡಿದು ಟಣ್ ಎಂದಿತು. ಉಳಿದಿದ್ದ ಅನುಮಾನವೂ ತೀರಿತು.

ಸಿಂಚನ ನನ್ನ ಮುಖ ನೋಡಿದಳು. ಕ್ಯಾರಿಯರ್ ನೋಡಿದಳು. "ಇಟ್ಸ್ ಓಕೆ, ತಾತ" ಎಂದಳು.

ಈ ದೇಶದಲ್ಲಿ ನಾನು ಕಲಿತದ್ದು ಬಹಳ ಕಡಿಮೆ. ಆದರೆ ಇಷ್ಟು ಗೊತ್ತು: ಇವರು ಹಾಗೆ ಮೆಲ್ಲಗೆ "ಇಟ್ಸ್ ಓಕೆ" ಅಂದರೆ ಅದು ಓಕೆ ಅಲ್ಲ. ಕಾರಿನಲ್ಲಿ ಒಂದು ಗಂಟೆ ಯಾರೂ ಮಾತಾಡಲಿಲ್ಲ. ಜೊಂಡಿನೊಳಗಿನ ಮೌನ ಬೇರೆ, ಕಾರಿನೊಳಗಿನ ಮೌನ ಬೇರೆ.

ಮುಂದಿನ ಶನಿವಾರ ಅವಳು ಒಬ್ಬಳೇ ಹೋದಳು. ಅದರ ಮುಂದಿನ ಶನಿವಾರವೂ. ಎರಡು ಸಲವೂ ಬರಿಗೈಯಲ್ಲಿ ಬಂದಳು. ನಾನು ಕಿಟಕಿಯಲ್ಲಿ ಕಾರು ಹೊರಡುವುದನ್ನೂ ನೋಡಿದೆ, ಬರುವುದನ್ನೂ ನೋಡಿದೆ. ಹಂಗಾಮು ಮುಗಿಯಲು ಇನ್ನು ಒಂದೇ ಶನಿವಾರ. ಅದಾಗಿ ಎರಡು ವಾರಕ್ಕೆ ನಮ್ಮ ವಿಮಾನ.

"ಬಾಯ್ಬುಟ್ಟು ಕೇಳ್ಬಾರ್ದಾ, ನನ್ನೂ ಕರ್ಕೊಂಡೋಗು ಅಂತ?" ಎಂದಳು ಗೌರಮ್ಮ.

"ಕೇಳಿದ್ರೆ ಇಲ್ಲ ಅನ್ನಕಾಗದೆ ಹೂಂ ಅಂತದೆ ಮಗ. ಅಂಗೆ ಓಗದು ಬ್ಯಾಡ."

"ಅಂಗಾರೆ ಮೂತಿ ಇಳೇಬಿಟ್ಕೊಂಡು ಕೂರಬ್ಯಾಡಿ. ನಾನು ತೊಳೆದ ಪಾತ್ರೆ ಒಳೀತು, ಅದು ನನ್ ತಪ್ಪಾ?"

ಆ ವಾರವೆಲ್ಲ ಅಪ್ಪ ನೆನಪಾದ. ಕಾಲು ಜಗ್ಗಿದ ಮೇಲೆ ಅವನು ಇಪ್ಪತ್ತು ದಿನ ಒಬ್ಬನೇ ಕೆರೆಗಿಳಿದ. ನಾನು ಏರಿಯ ಮೇಲೆ ನಿಂತು ಯಾವ ಮಡಕೆ ಅಪ್ಪ, ಯಾವುದು ಬರೀ ಮಡಕೆ ಎಂದು ಲೆಕ್ಕ ಹಾಕುತ್ತಿದ್ದೆ. ಒಂದು ಬೆಳಗ್ಗೆ ಎದ್ದು ಬಂದರೆ ನಮ್ಮ ಜಗುಲಿಯ ಮೇಲೆ ನನ್ನ ಸಣ್ಣ ಮಡಕೆ ಕೂತಿತ್ತು. ತೂತುಗಳನ್ನು ಹೊಸದಾಗಿ, ಸರಿಯಾದ ಜಾಗಕ್ಕೆ ಕೊರೆದಿದ್ದ. ಅಪ್ಪ ಅಲ್ಲಿರಲಿಲ್ಲ, ಆಗಲೇ ಕೆರೆಯ ಕಡೆ ನಡೆದಿದ್ದ. ಬಾ ಎಂದು ಒಂದು ಮಾತೂ ಹೇಳಿರಲಿಲ್ಲ. ಮಡಕೆ ತಬ್ಬಿಕೊಂಡು ನಾನು ಓಡಿದ ಓಟ ಈಗಲೂ ನನ್ನ ಕಾಲಿನಲ್ಲಿದೆ.

ಕೊನೆಯ ಶನಿವಾರ ಹನ್ನೊಂದು ಗಂಟೆಗೆ ನಾನು ಕಾಫಿ ಲೋಟ ಹಿಡಿದು ಕೆಳಗೆ ಬಂದೆ. ಗ್ಯಾರೇಜಿನ ಬಾಗಿಲ ಮುಂದೆ, ಚಾಪೆಯ ಮೇಲೆ, ಒಂದು ಹೊಸ ರಬ್ಬರ್ ಪ್ಯಾಂಟು ಮಡಿಸಿ ಇಟ್ಟಿತ್ತು. ಬೆಲೆಯ ಚೀಟಿ ಇನ್ನೂ ನೇತಾಡುತ್ತಿತ್ತು. ಅದರ ಬೂಟಿನಲ್ಲಿ ಕಾಲಿಟ್ಟು ನೋಡಿದೆ. ನನ್ನ ಅಳತೆ. ಎರವಲಿನದಲ್ಲ. ಹೊರಗೆ ಕಾರಿನ ಇಂಜಿನ್ ಸದ್ದು ಕೇಳಿಸುತ್ತಿತ್ತು.

ಕಾಫಿ ಎಲ್ಲಿ ಇಟ್ಟೆನೋ ನನಗೆ ಗೊತ್ತಿಲ್ಲ. ಸುಧಾ ಅದನ್ನು ಬಟ್ಟೆ ಒಗೆಯುವ ಮಿಷಿನ್ ಮೇಲೆ ಕಂಡಳಂತೆ.

ಓಡುವುದರಲ್ಲೂ ಒಂದು ಬುದ್ಧಿವಂತಿಕೆ ಮಾಡಿದೆ. ಕ್ಯಾರಿಯರ್‌ಗೆ ನನ್ನ ಒಂದು ಕಂದು ಬಣ್ಣದ ಉಣ್ಣೆ ಕಾಲುಚೀಲ ತೊಡಿಸಿಕೊಂಡು ಹೋದೆ. ಕಾರು ಹತ್ತಿದಾಗ ಸಿಂಚನ ಅದನ್ನು ನೋಡಿ ತುಟಿ ಕಚ್ಚಿಕೊಂಡಳು. "ಇಸ್ ದಟ್ ಎ ಸಾಕ್?"

"ಒಗೆದದ್ದು" ಎಂದೆ.

ಅವತ್ತು ಗಾಳಿ ಇರಲಿಲ್ಲ. ಕಾಲುವೆಯ ಅಂಚಿನಲ್ಲಿ ಹಪ್ಪಳದಂಥ ಐಸು, ನಡುವೆ ಕಪ್ಪು ನೀರು ಸದ್ದಿಲ್ಲದೆ ಹರಿಯುತ್ತಿತ್ತು. ಅವಳು ನೀರಿಗಿಳಿದು ಬಾತುಗಳನ್ನು ಬಿಟ್ಟು ಬಂದಳು. ಒಂದೊಂದರ ಹೊಟ್ಟೆಗೂ ದಾರ ಕಟ್ಟಿ, ದಾರದ ತುದಿಗೆ ಸೀಸದ ಗುಂಡು ಕಟ್ಟಿರುತ್ತಾರೆ, ತೇಲಿ ಹೋಗದಿರಲಿ ಎಂದು. ಮೂರು ಗಂಟೆಗೆ ಆರು ಬಾತು ಬಂದವು. ಸುತ್ತಿದವು, ಬಗ್ಗಿ ನೋಡಿದವು, ಹೋದವು. ಮೂರೂವರೆಗೆ ಮೂರು. ಅವೂ ಹೋದವು. ಸೂರ್ಯ ಮುಳುಗಿದರೆ ಬಂದೂಕು ಕೆಳಗಿಡಬೇಕು, ಅದು ಕಾನೂನು. ಸಿಂಚನಳ ದವಡೆ ಬಿಗಿಯಿತು. ಅವಳ ತಾತನ ಅಪ್ಪನ ದವಡೆ ಅದು, ನನಗೆ ಚೆನ್ನಾಗಿ ಗೊತ್ತು.

ಬಾಯಿ ಬಿಡಲು ನನಗೆ ಹೆದರಿಕೆ. ಹೋದ ಸಲದ ಟಣ್ ಎಂಬ ಸದ್ದು ಕಿವಿಯಲ್ಲೇ ಇತ್ತು. ಆದರೆ ನಲವತ್ತು ವರ್ಷ ನೀರು ನೋಡಿಕೊಂಡು ಕೂತವನಿಗೆ ಎದುರಿನ ತಪ್ಪು ಕಾಣದೆ ಇರುತ್ತದೆಯೇ? ಪಿಸುಗುಟ್ಟಿದೆ, "ಮಗಾ, ನಿನ್ ಬಾತೆಲ್ಲ ಸತ್ತಂಗೆ ಕೂತವೆ ಕನವ್ವ."

"ವಾಟ್?"

"ನೀರು ಅಲ್ಲಾಡ್ತಿಲ್ಲ. ಬದುಕಿರೋ ಬಾತು ಸುಮ್ನೆ ಇರ್ತದಾ? ಕುಕ್ತದೆ, ಮುಳುಗ್ತದೆ, ಪಕ್ಕದೋನ ಜತೆ ಜಗಳ ಆಡ್ತದೆ. ನಮ್ಮಪ್ಪನ ಮಡಕೆ ಅಲ್ಲಾಡ್ಬಾರ್ದು. ಬಾತು ಅಲ್ಲಾಡ್ದೆ ಇರ್ಬಾರ್ದು."

ಅವಳು ನೀರನ್ನು ನೋಡಿದಳು. ನನ್ನನ್ನು ನೋಡಿದಳು. ಚೀಲ ತಡಕಿ ಒಂದು ಸುರುಳಿ ಹುರಿ ತೆಗೆದಳು. ಕಾಲುವೆಗೆ ಇಳಿದು, ಮುಂದಿನ ಬಾತಿನ ಎದೆಯ ತೂತಿಗೆ ಕಟ್ಟಿ, ಬಿಚ್ಚುತ್ತ ಬಿಚ್ಚುತ್ತ ಬಂದಳು. ಜೊಂಡಿಗೆ ಇನ್ನು ಎರಡು ಮೊಳ ಇರುವಾಗ ಹುರಿ ಮುಗಿಯಿತು. "ದಟ್ಸ್ ಆಲ್ ಐ ಹ್ಯಾವ್" ಎಂದಳು. ದನಿ ಸಣ್ಣದಾಗಿತ್ತು.

ಎರಡು ಮೊಳ. ನಾನು ಯೋಚನೆ ಮಾಡಲಿಲ್ಲ. ರಬ್ಬರ್ ಪ್ಯಾಂಟಿನ ಎದೆಯೊಳಗೆ ಕೈ ಇಳಿಸಿ, ಸ್ವೆಟರಿನ ಕೆಳಗೆ ಹುಡುಕಿ, ಗಂಟು ಬಿಚ್ಚಿ, ಲಾಡಿಯನ್ನು ಸರ್ರನೆ ಎಳೆದು ಅವಳ ಕೈಗೆ ಕೊಟ್ಟೆ. ಗಟ್ಟಿ ನೂಲಿನ ಲಾಡಿ, ಮಳವಳ್ಳಿ ಸಂತೆಯದು.

"ತಾತಾ! ಇಸ್ ದಟ್ ಫ್ರಮ್ ಯುವರ್..."

"ಕಟ್ಟು ಬೇಗ. ಬರ್ತಾವೆ."

ಅವಳು ನಗು ತಡೆದು ಕಟ್ಟಿದಳು. ಇನ್ನೊಂದು ತುದಿ ನನ್ನ ಬೆರಳಿಗೆ ಬಂತು. ಮೆಲ್ಲಗೆ ಜಗ್ಗಿದೆ. ಹರಿವಿನ ಮೇಲೆ ಪ್ಲಾಸ್ಟಿಕ್ ಬಾತು ತಲೆ ತಗ್ಗಿಸಿತು. ಬಿಟ್ಟೆ, ಹಿಂದೆ ಸರಿಯಿತು. ಅದರಿಂದ ಎದ್ದ ಸಣ್ಣ ಅಲೆ ಪಕ್ಕದವನ್ನೆಲ್ಲ ತೂಗಿತು. ಹನ್ನೆರಡೂ ಬದುಕಿಕೊಂಡವು.

ಸೂರ್ಯ ಜೊಂಡಿನ ತಲೆಗೆ ಬಂದಾಗ ಐದು ಬಾತು ಕಾಣಿಸಿದವು. ಒಂದು ಸುತ್ತು. ನಾನು ಜಗ್ಗಿದೆ, ಬಿಟ್ಟೆ. ಎರಡನೆಯ ಸುತ್ತು. ಉಸಿರು ಹಿಡಿದು ಜಗ್ಗಿದೆ. ಮೂರನೆಯ ಸುತ್ತು ಹಾಕಲೇ ಇಲ್ಲ, ರೆಕ್ಕೆ ಬಾಗಿಸಿ, ಕಿತ್ತಳೆ ಬಣ್ಣದ ಕಾಲುಗಳನ್ನು ಚಾಚಿ ನೆಟ್ಟಗೆ ನಮ್ಮ ಕಡೆ ಬಂದವು. ಸಿಂಚನ ಎದ್ದು ನಿಂತಳು. ಮೊದಲ ಗುಂಡು ಆಕಾಶಕ್ಕೆ ಹೋಯಿತು. ಎರಡನೆಯದಕ್ಕೆ ಒಂದು ಹಸಿರು ತಲೆಯ ಗಂಡು ಮಡಿಸಿದ ಬಟ್ಟೆಯ ಹಾಗೆ ನೀರಿಗೆ ಬಿತ್ತು.

ಅವಳು ಹೋಗಿ ಎತ್ತಿಕೊಂಡು, ಸೊಂಟದ ತನಕ ನೀರಿನಲ್ಲಿ ನಿಂತಲ್ಲೇ ಅದರ ತಲೆಯ ನೀರು ಒರಸಿದಳು. ಏನೋ ಹೇಳಿದಳು, ನನಗೆ ಕೇಳಿಸಲಿಲ್ಲ. ಅಪ್ಪನೂ ಹಾಗೆಯೇ, ಮೊದಲ ಬಾತನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದ. ಯಾರೂ ಹೇಳಿಕೊಟ್ಟಿರಲಿಲ್ಲ ಅವಳಿಗೆ.

ದಡಕ್ಕೆ ಬಂದವಳು ಒದ್ದೆ ಕೈಯಲ್ಲೇ ನನ್ನನ್ನು ತಬ್ಬಿಕೊಂಡಳು. ಆ ಅಪ್ಪುಗೆಯಲ್ಲಿ ನನಗೆ ಇನ್ನೊಂದು ವಿಷಯ ತಿಳಿಯಿತು. ಲಾಡಿಯಿಲ್ಲದ ಪೈಜಾಮ ರಬ್ಬರಿನೊಳಗೆ ಮೊಳಕಾಲಿಗಿಳಿದು ಗಂಟಾಗಿ ಕೂತಿತ್ತು. ಕಾರಿನ ತನಕ ಅರ್ಧ ಮೈಲಿಯನ್ನು ನಾನು ಅಕ್ಷರಶಃ ಬಾತಿನ ಹಾಗೆ, ಎಡಕ್ಕೊಂದು ಬಲಕ್ಕೊಂದು ವಾಲುತ್ತ ನಡೆದೆ. ಅವಳು ಹಿಂದಿನಿಂದ ನಗುತ್ತ, ನಿಂತು ನಿಂತು ಬಂದಳು.

ಕಾರು ನಿಲ್ಲಿಸುವ ಜಾಗದಲ್ಲಿ ನನ್ನಷ್ಟೇ ವಯಸ್ಸಿನ ಬಿಳಿಯ ಗಡ್ಡದವನೊಬ್ಬ ತನ್ನ ಬೂಟು ಕಳಚುತ್ತಿದ್ದ. ಅವನದು ಖಾಲಿ ಚೀಲ. "ಎನಿ ಲಕ್?" ಎಂದು ಕೇಳಿದ.

ಸಿಂಚನ ಬಾತನ್ನು ಎತ್ತಿ ತೋರಿಸಿ, "ಮೈ ಗ್ರ್ಯಾಂಡ್‌ಫಾದರ್ ಬ್ರಾಟ್ ದೆಮ್ ಇನ್" ಎಂದಳು.

ಅವನು ನನ್ನ ಕಡೆ ತಿರುಗಿ ಟೋಪಿ ಮುಟ್ಟಿದ. ನಾನೂ ಮುಟ್ಟಿದೆ, ಎರಡೂ ಟೋಪಿಗಳನ್ನು. ನಮ್ಮೂರ ಗೌಡರು ನನಗೆ ಶಾಲು ಹೊದಿಸಿದ ದಿನವೂ ಎದೆ ಹೀಗೆ ಉಬ್ಬಿರಲಿಲ್ಲ.

ಗೌರಮ್ಮ ಹಿತ್ತಲಲ್ಲಿ ಕೂತು ಪುಕ್ಕ ಕಿತ್ತಳು, ಮೆಣಸು ಹುರಿದು ಖಾರ ಅರೆದಳು, ಮುದ್ದೆ ತಿರುವಿದಳು. ಸುಧಾ, "ನಾನಂತೂ ಮುಟ್ಟಲ್ಲ, ಪಾಪ ಅದು" ಎಂದು ಮೇಲೆ ಹೋದವಳು ಒಗ್ಗರಣೆ ವಾಸನೆಗೆ ಕೆಳಗೆ ಬಂದು, "ಬರೀ ಸಾರು ಹಾಕು, ಪೀಸ್ ಬೇಡ" ಎಂದಳು. ಎರಡನೆಯ ಸಲ ಬಡಿಸುವಾಗ ಪೀಸ್ ಬೇಡ ಎನ್ನಲಿಲ್ಲ. ನನ್ನ ಹಲ್ಲಿಗೆ ಬಂದೂಕಿನಿಂದ ಬಂದ ಉಕ್ಕಿನ ಒಂದು ಸಣ್ಣ ಕಾಳು ಸಿಕ್ಕಿತು. ತೊಳೆದು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಮಾರನೆಯ ದಿನ ಸಿಂಚನ ಈ ಬಾತನ್ನು ತಂದು ನನ್ನ ಕಿಟಕಿಯಲ್ಲಿ ಕೂರಿಸಿದಳು. ಸರ್ಕಾರದ ನೆಲದಲ್ಲಿ ಎಲ್ಲರ ಬಾತೂ ಒಂದೇ ಥರ ಇರುತ್ತವೆ. ಬಿರುಗಾಳಿಗೆ ದಾರ ಕಿತ್ತು ತೇಲಿಹೋದರೆ ಸಿಕ್ಕಿದವರು ತಂದುಕೊಡಲಿ ಎಂದು ಹೊಟ್ಟೆಯ ಕೆಳಗೆ ಹೆಸರು, ವಿಳಾಸ ಬರೆದಿರುತ್ತಾರೆ. ಹನ್ನೊಂದರ ಹೊಟ್ಟೆಯಲ್ಲೂ ಅವಳ ಹೆಸರಿದೆ. ಇದನ್ನು ಮಗುಚಿ ತೋರಿಸಿದಳು. ಕಪ್ಪು ಮಸಿಯಲ್ಲಿ, ಅಜ್ಜಿಯ ಹತ್ತಿರ ಕೇಳಿಕೊಂಡು, ದಪ್ಪ ದಪ್ಪ ಕನ್ನಡ ಅಕ್ಷರದಲ್ಲಿ 'ತಾತ' ಎಂದು ಬರೆದಿದ್ದಾಳೆ. ಅದರ ಕೆಳಗೆ ಮನ್ರೋ ಮನೆಯ ವಿಳಾಸ.

"ನಾನು ಇರೋದು ಮಳವಳ್ಳಿ ಕಡೆ ಅಲ್ವಾ ಮಗಾ?" ಎಂದೆ.

"ಸೋ? ಎಲ್ಲಿ ಹೋದ್ರೂ ಇಲ್ಲಿಗೇ ತಂದ್ಕೊಡ್ಬೇಕು. ದಟ್ಸ್ ದ ರೂಲ್" ಎಂದಳು.

ಹೋದ ಸಲ ನಾವು ಊರಿಗೆ ಹೊರಡುವಾಗ ಸುಧಾ ಒಂದು ಪಟ್ಟಿ ಬರೆದುಕೊಟ್ಟಿದ್ದಳು, ಮುಂದೆ ಬರುವಾಗ ತರಬೇಕಾದ್ದು: ಹುಚ್ಚೆಳ್ಳು, ಹುರುಳಿಕಾಳು, ಸಾರಿನ ಪುಡಿ. ಈ ಸಲದ ಪಟ್ಟಿಯೂ ತಯಾರಾಗಿ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ. ಅದೇ ಹುಚ್ಚೆಳ್ಳು, ಅದೇ ಹುರುಳಿ. ಎಲ್ಲದರ ಕೊನೆಗೆ ಬೇರೆ ಮಸಿಯಲ್ಲಿ, ಬೇರೆ ಕೈಯಲ್ಲಿ, ಇಂಗ್ಲಿಷಿನಲ್ಲಿ ಒಂದು ಸಾಲು ಸೇರಿದೆ. ನನಗೆ ಓದಲು ಬರಲಿಲ್ಲ. ಗೌರಮ್ಮ ಸುಧಾಳಿಂದ ಓದಿಸಿ, ನಕ್ಕು ನಕ್ಕು ಸೆರಗಿನಲ್ಲಿ ಕಣ್ಣು ಒರಸಿಕೊಂಡು ನನಗೆ ಹೇಳಿದಳು:

"ಪೈಜಾಮದ ಲಾಡಿ, ಇಪ್ಪತ್ತು ಮೊಳ. ಬರೋ ನವೆಂಬರ್ ಒಳಗೆ."